ಕರೆಂಟ್ ಹೋದ ಮೇಲೂ ಬಂದ ನೀರು

ಏಪ್ರಿಲ್ 27, 2025, ಭಾನುವಾರ
ಮದ್ದೂರು ಹತ್ತಿರ, ಮಂಡ್ಯ ಜಿಲ್ಲೆ

ರಾತ್ರಿ ನಿದ್ದೆ ಆಗಲಿಲ್ಲ. ತ್ರೀ ಫೇಸ್ ಕರೆಂಟ್ ಬಂದಿದ್ದೇ ಎರಡು ಗಂಟೆಗೆ. ಚಿಕ್ಕಪ್ಪ ಕಬ್ಬಿಗೆ ನೀರು ಕಟ್ಟಲು ಹೊರಟರು. ರಜೆಗೆ ಬಂದವನು ಸುಮ್ನೆ ಮಲಗಿದ್ದರೆ ಚೆನ್ನಾಗಿರುವುದಿಲ್ಲ ಅಂತ ನಾನೂ ಹಿಂದೆ ಹೋದೆ. ಸ್ಟಾರ್ಟರ್ ಕಾಯುವ ಕೆಲಸ ನನಗೆ. ಅವರು ಗುದ್ದಲಿ ಹೆಗಲಿಗೆ ಹಾಕಿಕೊಂಡು ಕಡೇ ಗದ್ದೆಗೆ ನಡೆದರು.

ಇವತ್ತು ಅಮಾವಾಸ್ಯೆ. ಆಕಾಶ ಕಪ್ಪಗೆ ತೊಳೆದಿಟ್ಟ ಹಾಗಿತ್ತು. ದಕ್ಷಿಣಕ್ಕೆ ವೃಶ್ಚಿಕ, ಅದರ ಕೊಂಡಿಯಲ್ಲಿ ಮೂಲಾ ನಕ್ಷತ್ರ. (ಆ ನಕ್ಷತ್ರದಲ್ಲಿ ಹುಟ್ಟಿದಳು ಅಂತ ನಮ್ಮಕ್ಕನಿಗೆ ಎಷ್ಟು ಸಂಬಂಧ ತಪ್ಪಿದವೋ! ಪಾಪ, ನಕ್ಷತ್ರದ್ದೇನು ತಪ್ಪು?) ಅದರ ಪಕ್ಕದಲ್ಲೇ, ಧನು ರಾಶಿಯ ಕಡೆ, ನಮ್ಮ ಹಾಲುಹಾದಿಯ ನಡುಮಧ್ಯ. ಅಲ್ಲಿ 40 ಲಕ್ಷ ಸೂರ್ಯರಷ್ಟು ತೂಕದ ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಕೂತಿದೆ. ಹೆಸರು ಸ್ಯಾಜಿಟೇರಿಯಸ್ ಎ ಸ್ಟಾರ್. ದೂಳು ಅಡ್ಡ ಇರುವುದರಿಂದ ಕಣ್ಣಿಗೆ ಕಾಣುವುದಿಲ್ಲ, ಎಕ್ಸ್‌ರೇ ಆ ದೂಳನ್ನು ತೂರಿಕೊಂಡು ಬರುತ್ತದೆ. ಆದರೆ ನಮ್ಮ ಗಾಳಿ ಅದನ್ನು ಕೆಳಗಿಳಿಯಲು ಬಿಡುವುದಿಲ್ಲ. ಹಾಗಾಗಿ ದೂರದರ್ಶಕವನ್ನೇ ಮೇಲಕ್ಕೆ ಕಳಿಸಬೇಕು.

ನೋಡುತ್ತಾ ಇದ್ದಂತೆ ಮೋಟಾರ್ ಗೊರಗುಟ್ಟಿ ನಿಂತಿತು.

"ಕರೆಂಟ್ ಹೋಯ್ತು ಚಿಕ್ಕಪ್ಪಾ!"

"ಸುಳ್ಳು ಹೇಳ್ಬೇಡ ಕಣ್ಲಾ, ಇಲ್ಲಿ ನೀರು ಬತ್ತಾನೇ ಅದೆ!"

ಕತ್ತಲಲ್ಲಿ ನಗು ಬಂತು. ಅವರ ಕಾಲ ಬುಡಕ್ಕೆ ಬರುತ್ತಿದ್ದುದು ಆಗಲೇ ಸತ್ತ ಮೋಟಾರಿನ ನೀರು.

ಆ ಕಪ್ಪುಕುಳಿಯ ಕಥೆಯೂ ಹೆಚ್ಚುಕಮ್ಮಿ ಇದೇ. ಈಗ ಅದು ತಣ್ಣಗಿದೆ, ಆಗೊಮ್ಮೆ ಈಗೊಮ್ಮೆ ಮಿಣುಕುತ್ತದೆ ಅಷ್ಟೇ. ಆದರೆ ಅದರ ಆಸುಪಾಸಿನ ಅನಿಲದ ಮೋಡಗಳು ಎಕ್ಸ್‌ರೇಯಲ್ಲಿ ಹೊಳೆಯುತ್ತವೆ. ತಣ್ಣಗಿನ ಮೋಡ ತಾನಾಗಿ ಹೀಗೆ ಹೊಳೆಯುವುದಿಲ್ಲ. ಎಲ್ಲಿಂದಲೋ ಜೋರು ಎಕ್ಸ್‌ರೇ ಬಡಿದು, ಮೋಡದೊಳಗಿನ ಕಬ್ಬಿಣದ ಪರಮಾಣುಗಳು 6.4 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಕ್ಸ್‌ರೇಯಲ್ಲಿ ಬೆಳಗುತ್ತವೆ. 1990ರ ದಶಕದಲ್ಲೇ ಇದು ಸಿಕ್ಕಿತ್ತು. ಸ್ಯಾಜಿಟೇರಿಯಸ್ ಬಿ2 ಅನ್ನುವ ದೊಡ್ಡ ಮೋಡವಂತೂ 2000ದ ನಂತರ ವರ್ಷವರ್ಷಕ್ಕೂ ಮಂಕಾಗುತ್ತಾ ಬಂತು, ನೀರು ಹರಿದು ಮುಗಿದ ಸಾಲಿನ ಹಾಗೆ.

ಬಡಿದವರು ಯಾರು ಅನ್ನುವುದೇ ತಕರಾರು. 2021ರ ಡಿಸೆಂಬರ್‌ನಲ್ಲಿ ಹಾರಿದ, ಎಕ್ಸ್‌ರೇ ನೋಡುವ ಐಎಕ್ಸ್‌ಪಿಇ ಅನ್ನುವ ಉಪಗ್ರಹ ಇದಕ್ಕೆ ಉತ್ತರ ಹುಡುಕಿತು. ಮೋಡಕ್ಕೆ ತಾಗಿ ಚದುರಿದ ಎಕ್ಸ್‌ರೇ ಅಲೆಗಳು ಒಂದು ದಿಕ್ಕಿಗೇ ಜಾಸ್ತಿ ಅಲುಗುತ್ತವೆ. ಆ ದಿಕ್ಕು ಅಳೆದರೆ ಬೆಳಕು ಎಲ್ಲಿಂದ ಬಂದು ತಾಗಿತು ಅಂತ ತಿಳಿಯುತ್ತದೆ. ಅದು ಕಪ್ಪುಕುಳಿಯ ಕಡೆಗೇ ಬೆರಳು ತೋರಿಸಿತು. 2023ರಲ್ಲಿ ವಿಜ್ಞಾನಿಗಳು ಹಾಕಿದ ಲೆಕ್ಕದ ಪ್ರಕಾರ, ಸುಮಾರು 200 ವರ್ಷದ ಹಿಂದೆ ಅದು ಈಗಿನದಕ್ಕಿಂತ ಹತ್ತು ಲಕ್ಷ ಪಟ್ಟು ಪ್ರಖರವಾಗಿ ಕಂಡಿರಬೇಕು. ಅಂದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ನೇರ ಬಂದ ಬೆಳಕು ಆಗಲೇ ನಮ್ಮನ್ನು ದಾಟಿ ಹೋಯಿತು, ನೋಡುವ ಉಪಕರಣ ಯಾರ ಹತ್ತಿರವೂ ಇರಲಿಲ್ಲ. ಮೋಡಗಳನ್ನು ಸುತ್ತಿಕೊಂಡು ಬಂದ ಬೆಳಕು ಮಾತ್ರ ಈಗ ತಲುಪುತ್ತಿದೆ. ಅಲ್ಲಿಂದ ನೇರ ಬರಲೂ 26 ಸಾವಿರ ವರ್ಷ ಬೇಕು, ಆ ಮಾತು ಬೇರೆ.

ಬದುವಿನ ಮೇಲೆ ವಾಪಸ್ ಬರುವಾಗ ಚಿಕ್ಕಪ್ಪನಿಗೆ ಇಷ್ಟನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಮತ್ತೆ ಯಾವಾಗ ಸ್ಟಾರ್ಟ್ ಆಯ್ತದಂತೆ?" ಅಂದರು.

"ಗೊತ್ತಿಲ್ಲ ಚಿಕ್ಕಪ್ಪ."

"ನಮ್ ಕರೆಂಟ್ ಥರಾನೇ ಬುಡು."

ಕಡೇ ಎರಡು ಸಾಲು ಇನ್ನೂ ಒಣಗಿವೆ. ಇವತ್ತು ರಾತ್ರಿ ಮತ್ತೆ ಹೋಗಬೇಕು.