83 ಡಿಗ್ರಿ ಉತ್ತರದ ಸತು

ಕಳೆದ ವಾರ ನಮ್ಮ ಬಸವನಗುಡಿ ಮನೆಯ ತಾರಸಿಯಲ್ಲಿ ನೀರಿನ ಪೈಪ್ ಒಡೆಯಿತು. ಪ್ಲಂಬರ್ ಹಳೇ ಜಿಐ ಪೈಪ್ ಬಿಚ್ಚಿ ಕೆಳಗೆ ಹಾಕಿದ, ಒಳಗೆಲ್ಲ ಬರೀ ತುಕ್ಕು. "ಇಷ್ಟು ವರ್ಷ ಬಂತಲ್ಲ, ಇನ್ನೇನು ಬೇಕು" ಅಂದರು ಅಪ್ಪ. ಜಿಐ ಅಂದರೆ ಸತು ಲೇಪಿಸಿದ ಕಬ್ಬಿಣ, ಆ ಸತು ಪೂರ್ತಿ ಸವೆದಿದೆ, ಅದಿರೋವರೆಗೆ ಕಬ್ಬಿಣಕ್ಕೆ ಏನೂ ಆಗ್ತಿರಲಿಲ್ಲ ಅಂತ ನಾನು ಶುರು ಮಾಡಿದೆ. ಜಿಯಾಲಜಿ ಓದಿದವಳು ಮನೇಲಿದ್ದರೆ ಇದೇ ಕಷ್ಟ. ಪೈಪಿನಿಂದ ಹೊರಟ ಮಾತು ಗ್ರೀನ್‌ಲ್ಯಾಂಡ್ ತಲುಪಿತು.

ನನ್ನ ಕೆಲಸ ಕಂಪ್ಯೂಟರ್ ಮುಂದೆ. ಯಾರೋ ಎಲ್ಲೋ ಕೊರೆದ ರಂಧ್ರಗಳ ಲೆಕ್ಕ ಬರುತ್ತೆ, ಅದನ್ನಿಟ್ಟುಕೊಂಡು ನೆಲದಡಿಯ ಅದಿರು ಹೇಗೆ ಮಲಗಿದೆ ಅಂತ ಮಾಡೆಲ್ ಕಟ್ಟುತ್ತೇನೆ. ಸಿಟ್ರೋನೆನ್ ಫ್ಯೋರ್ಡ್ ಅನ್ನೋ ಸತುವಿನ ನಿಕ್ಷೇಪ ನಮ್ಮ ಆಫೀಸಿನ ಪ್ರಾಜೆಕ್ಟ್ ಅಲ್ಲ, ಸುಮ್ನೆ ನನಗೆ ಹಿಡಿದ ಹುಚ್ಚು. ಗ್ರೀನ್‌ಲ್ಯಾಂಡಿನ ಉತ್ತರದ ತುದಿಯಲ್ಲಿ, ಪಿಯರಿ ಲ್ಯಾಂಡ್ ಅನ್ನೋ ಕಡೆ, 83 ಡಿಗ್ರಿ ಅಕ್ಷಾಂಶದಲ್ಲಿದೆ. ಊರಿಲ್ಲ, ರಸ್ತೆ ಇಲ್ಲ, ಚಳಿಗಾಲದಲ್ಲಿ ನಾಲ್ಕು ತಿಂಗಳಿಗೂ ಜಾಸ್ತಿ ಸೂರ್ಯನೇ ಹುಟ್ಟೋದಿಲ್ಲ.

ತಮಾಷೆ ಏನು ಗೊತ್ತಾ, ಆ ಅದಿರು ಹುಟ್ಟಿದ್ದು ಬೆಚ್ಚಗಿನ ಜಾಗದಲ್ಲಿ. ಸುಮಾರು 45 ಕೋಟಿ ವರ್ಷದ ಹಿಂದೆ ಆ ನೆಲ ಸಮಭಾಜಕದ ಹತ್ತಿರ ಇತ್ತು, ಮೇಲೆ ಆಳವಾದ ಸಮುದ್ರ. ಸಮುದ್ರದ ತಳ ಬಿರುಕು ಬಿಟ್ಟ ಕಡೆಯಲ್ಲಿ ಬಿಸಿಯಾದ ಉಪ್ಪುನೀರು ಮೇಲೇರುತ್ತಿತ್ತು, ದಾರಿಯಲ್ಲಿ ಸಿಕ್ಕ ಕಲ್ಲುಗಳಿಂದ ಸತು, ಸೀಸ, ಕಬ್ಬಿಣ ಎಲ್ಲ ಕರಗಿಸಿಕೊಂಡು. ತಳದಲ್ಲಿ ಆಮ್ಲಜನಕ ಇಲ್ಲದ, ಗಂಧಕ ತುಂಬಿದ ಕಪ್ಪು ಕೆಸರು. ಎರಡೂ ಸೇರಿದಾಗ ಲೋಹಗಳು ಗಂಧಕದ ಜೊತೆ ಕೂಡಿ ಸಲ್ಫೈಡ್ ಆಗಿ ಪದರ ಪದರವಾಗಿ ಕೂತವು. ಆ ಕೆಸರೇ ಈಗ ಕಪ್ಪು ಶೇಲ್ ಕಲ್ಲು. ಇಂಥದ್ದನ್ನು ನಮ್ಮವರು ಸೆಡೆಕ್ಸ್ ಅದಿರು ಅಂತಾರೆ. ನಮ್ಮ ಲಾಲ್‌ಬಾಗ್ ಬಂಡೆಗೆ 300 ಕೋಟಿ ವರ್ಷ, ಅದರ ಮುಂದೆ ಇದು ಎಳೇ ಕೂಸು ಬಿಡಿ.

ಈಗ ಸಿಟ್ರೋನೆನ್‌ನಲ್ಲಿ ಮಳೆ ಹಿಮ ಎರಡೂ ಕಡಿಮೆ, ಒಂಥರಾ ಚಳಿಯ ಮರುಭೂಮಿ. ಮರ ಇಲ್ಲ, ಗಿಡವೂ ಅಪರೂಪ, ಹಾಗಾಗಿ ಕಲ್ಲು ಬೆತ್ತಲೆಯಾಗಿ ಬಿದ್ದಿರುತ್ತೆ, ಸಲ್ಫೈಡ್ ಗಾಳಿಗೆ ಒಡ್ಡಿಕೊಂಡರೆ ತುಕ್ಕಿನ ಬಣ್ಣ ಕಣ್ಣಿಗೆ ಹೊಡೆಯುತ್ತೆ. 1993ರಲ್ಲಿ ಪ್ಲಾಟಿನೋವಾ ಅನ್ನೋ ಕಂಪನಿ ಇದನ್ನು ಪತ್ತೆ ಮಾಡಿತು. ಆದರೆ ಮೇಲೆ ಕಂಡಿದ್ದು ಒಂದು ಮೂಲೆ ಅಷ್ಟೇ, ಉಳಿದದ್ದು ಅಡಿಯಲ್ಲಿ. ಸತುವಿನ ಅದಿರಿಗೆ ಸ್ಫಾಲರೈಟ್ ಅಂತ ಹೆಸರು, ಗ್ರೀಕಿನಲ್ಲಿ ಅದರ ಅರ್ಥ ಮೋಸಗಾರ ಅಂತ. ಸರಿಯಾದ ಹೆಸರೇ. ಒಂದೊಂದು ಕಡೆ ಒಂದೊಂದು ಬಣ್ಣ, ವಿದ್ಯುತ್ತನ್ನೂ ಸರಿಯಾಗಿ ಹರಿಯಗೊಡೋದಿಲ್ಲ, ಹಾಗಾಗಿ ವಿದ್ಯುತ್ ಹರಿಸಿ ಹುಡುಕೋ ಸರ್ವೆಗೆ ನೇರವಾಗಿ ಸಿಕ್ಕಿಬೀಳೋದಿಲ್ಲ. ಅದರ ಜೊತೆಗಿರೋ ಪೈರೈಟೂ (ಕಬ್ಬಿಣದ ಸಲ್ಫೈಡ್) ಅದೂ ಸುತ್ತಲಿನ ಶೇಲ್‌ಗಿಂತ ಭಾರ ಅನ್ನೋದು ಒಂದು ಒಳ್ಳೇ ಸುಳಿವು. ಕೊನೆಗೆ ಕೊರೆದೇ ನೋಡಬೇಕು. ಹೆಪ್ಪುಗಟ್ಟಿದ ನೆಲದಲ್ಲಿ ಕೊರೆಯುವಾಗ ಬಿಡುವ ನೀರು ರಂಧ್ರದಲ್ಲೇ ಗಟ್ಟಿಯಾಗುತ್ತೆ, ಅದಕ್ಕೆ ನೀರಿಗೆ ಉಪ್ಪು ಬೆರೆಸಬೇಕು. ಆ ಉಪ್ಪನ್ನೂ ವಿಮಾನದಲ್ಲೇ ಹೊರಬೇಕು!

"ಎಷ್ಟಿದೆಯಮ್ಮ ಅಲ್ಲಿ?" ಅಂದರು ಅಪ್ಪ. ಇದಕ್ಕೆ ಒಂದೇ ಉತ್ತರ ಇಲ್ಲ, ನನಗೆ ಈ ಕೆಲಸದಲ್ಲಿ ಇಷ್ಟವಾಗೋದೂ ಅದೇ. ಕಡಲೆಕಾಯಿ ಪರಿಷೆಯಲ್ಲಿ ರಾಶಿ ಪೂರ್ತಿ ತೂಗಿಸಿದರೆ ತೂಕ ಜಾಸ್ತಿ, ಜೊಳ್ಳೂ ಜಾಸ್ತಿ. ಗಟ್ಟಿ ಕಾಯಿ ಮಾತ್ರ ಆರಿಸಿದರೆ ರಾಶಿ ಅರ್ಧ, ಕಾಯಿ ಮಾತ್ರ ಚೆನ್ನ. ನಾವು ಇದನ್ನು ಕಟ್-ಆಫ್ ಅಂತೀವಿ. ಸಿಟ್ರೋನೆನ್‌ನ ಒಂದು ಹಳೇ ಅಂದಾಜಿನಲ್ಲಿ ಶೇ 2ಕ್ಕಿಂತ ಕಡಿಮೆ ಸತು ಇರೋದನ್ನು ಬಿಟ್ಟರೆ 13 ಕೋಟಿ ಟನ್ ಸಿಗುತ್ತೆ, ಸತು ಸೀಸ ಸೇರಿ ಸರಾಸರಿ ಶೇ 4.4. ಗೆರೆಯನ್ನು ಶೇ 3.5ಕ್ಕೆ ಎತ್ತಿದರೆ ಸುಮಾರು 7 ಕೋಟಿ ಟನ್, ಸರಾಸರಿ ಶೇ 5.7. ಕಲ್ಲು ಅದೇ, ಒಂದು ಚೂರೂ ಕದಲಿಲ್ಲ. ಮಾಡೆಲ್‌ನಲ್ಲಿ ನಾನು ಒಂದು ಅಂಕಿ ಬದಲಿಸಿದರೆ ಅರ್ಧ ಅದಿರು ಬರೀ ಬಂಡೆಯಾಗಿಬಿಡುತ್ತೆ.

ಆ ಗೆರೆ ಎಲ್ಲಿ ಎಳೆಯಬೇಕು ಅಂತ ಹೇಳೋದು ಕಲ್ಲಲ್ಲ, ಅದನ್ನು ಸಾಗಿಸೋ ದಾರಿ. ಅಲಾಸ್ಕಾದ ರೆಡ್ ಡಾಗ್ ಗಣಿ ನೋಡಿ. ಅದೂ ಇಂಥದ್ದೇ ಕಪ್ಪು ಶೇಲ್, ಅದೂ ಉತ್ತರ ಧ್ರುವವೃತ್ತದ ಆಚೆ. ತೊರೆಗಳು ಕೆಂಪಗಿರೋದನ್ನು ಒಬ್ಬ ಪೈಲಟ್ ಮೇಲಿಂದ ನೋಡಿದ್ದ, ಅವನ ಕೆಂಪು ನಾಯಿಯಿಂದಲೇ ಆ ಜಾಗಕ್ಕೆ ಈ ಹೆಸರು ಬಂತು. ಅಲ್ಲಿನ ಬಂದರಿನಲ್ಲಿ ಹಡಗಿಗೆ ದಾರಿ ಇರೋದು ವರ್ಷಕ್ಕೆ ಸುಮಾರು 100 ದಿನ. ಮಿಕ್ಕ ಕಾಲ ಪೂರ್ತಿ ಮಾಲನ್ನು ದೊಡ್ಡ ಶೆಡ್ಡುಗಳಲ್ಲಿ ರಾಶಿ ಹಾಕಿ ಕಾಯುತ್ತಾರೆ. ಆದರೂ 1989ರಿಂದ ನಡೀತಾ ಇದೆ, ಯಾಕಂದರೆ ಅಲ್ಲಿನ ಅದಿರಿನಲ್ಲಿ ಸತು ಸಿಟ್ರೋನೆನ್‌ಗಿಂತ ಎಷ್ಟೋ ಪಟ್ಟು ಜಾಸ್ತಿ. ಸಿಟ್ರೋನೆನ್‌ಗೆ ಆ ಅದೃಷ್ಟವೂ ಇಲ್ಲ, ಸಮುದ್ರದಲ್ಲಿ ಮಂಜುಗಡ್ಡೆ ಮಾತ್ರ ಇನ್ನೂ ಜಾಸ್ತಿ. ಗಣಿ ಮಾಡೋಕೆ ಪರವಾನಗಿ ಸಿಕ್ಕಿದ್ದೇ 2016ರಲ್ಲಿ, ಅಂದರೆ ಕಂಡು 23 ವರ್ಷದ ಮೇಲೆ.

"ಹಾಗಾದ್ರೆ ಅದು ಅದಿರಲ್ಲ ಅನ್ನು" ಅಂದರು ಅಪ್ಪ. ತೆಗೆದು ಮಾರಿ ಲಾಭ ಬಂದರೇನೇ ಅದಿರು, ಇವತ್ತಿಗೆ ಅಲ್ಲ, ನಾಳೆ ಸತುವಿನ ರೇಟು ಏರಿದರೆ ಹೌದು ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ಬ್ಯಾಂಕಿನಲ್ಲಿ ಲೆಕ್ಕ ನೋಡಿದವರು, ಇದ್ದರೆ ಇದೆ ಅನ್ನಬೇಕು, ಇಲ್ಲದಿದ್ದರೆ ಇಲ್ಲ.

ಅಷ್ಟರಲ್ಲಿ ಪ್ಲಂಬರ್ ಮೇಲಿಂದ ಕೂಗಿದ. "ಮೇಡಂ, ಕೆಲ್ಸ ಮುಗೀತು, ನೀರು ಬಿಡಿ." ಹೋಗಿ ನೋಡಿದರೆ ಪೂರ್ತಿ ಪ್ಲಾಸ್ಟಿಕ್ ಪೈಪ್ ಹಾಕಿದ್ದ. ಜಿಐ ಯಾಕೆ ಹಾಕಲಿಲ್ಲ ಅಂದರೆ, "ಅದ್ಯಾರು ಹಾಕಿಸ್ತಾರೆ ಮೇಡಂ ಈಗ, ರೇಟು ಕೇಳಿದೀರಾ?" ಅಂದ. ಅಪ್ಪ ನನ್ನ ಕಡೆ ನೋಡಿ ನಕ್ಕರು.