ಯುಗಾದಿಯ ದಿನ ವಿಮಾನವಿಲ್ಲ

ಇಂದು ಬಾಲಿ ಪ್ರವಾಸಕ್ಕೆ ಟಿಕೆಟ್ ನೋಡುತ್ತಿದ್ದಾಗ 2026ರ ಮಾರ್ಚ್ 19ರಂದು ಆ ದ್ವೀಪಕ್ಕೆ ಒಂದು ವಿಮಾನವೂ ಕಾಣಿಸಲಿಲ್ಲ.

ಅಂದು ಅಲ್ಲಿ ನ್ಯೆಪಿ, ಅಂದರೆ ಮೌನದ ದಿನ. ಬೆಳಗಿನ 6 ಗಂಟೆಯಿಂದ ಮರುದಿನ ಬೆಳಗಿನ 6ರವರೆಗೆ ಬೆಂಕಿ ಹೊತ್ತಿಸುವಂತಿಲ್ಲ, ಕೆಲಸ ಮಾಡುವಂತಿಲ್ಲ, ಪ್ರಯಾಣ ಹೊರಡುವಂತಿಲ್ಲ, ಮನರಂಜನೆಯೂ ಇಲ್ಲ. ವಿಮಾನ ನಿಲ್ದಾಣವೇ ಮುಚ್ಚಿರುತ್ತದೆ, ಪ್ರವಾಸಿಗರೂ ತಾವು ಉಳಿದುಕೊಂಡಲ್ಲಿಂದ ಹೊರಗೆ ಕಾಲಿಡುವಂತಿಲ್ಲ.

ಪಂಚಾಂಗ ತೆರೆದು ನೋಡಿದೆ. ನಮ್ಮ ಯುಗಾದಿಯೂ ಅದೇ ದಿನ. ಅವರಿಗೂ ನಮಗೂ ಅಂದೇ ಶಕ ವರ್ಷ 1948 ಆರಂಭವಾಗುತ್ತದೆ ಎಂಬುದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ.

ಉಬುದ್‌ನಲ್ಲಿ ಯೋಗ, ಎಣ್ಣೆ ಮಾಲೀಸು, ತಂಪಕ್‌ಸಿರಿಂಗ್‌ನ ತೀರ್ಥ ಎಂಪುಲ್ ದೇವಾಲಯದ ಚಿಲುಮೆಯಲ್ಲಿ ಸ್ನಾನ ಎಂದು ಪಟ್ಟಿ ಮಾಡಿಕೊಂಡಿದ್ದೆ. ಆದರೆ ದಣಿದ ನನ್ನ ಮನಸ್ಸು ಬಯಸುತ್ತಿದ್ದುದು ಇಡೀ ದ್ವೀಪವೇ ದೀಪ ಆರಿಸಿ ಸುಮ್ಮನಾಗುವ ಆ ಒಂದು ರಾತ್ರಿಯನ್ನು ಎಂದು ಈಗ ಅನ್ನಿಸುತ್ತಿದೆ.

ಆದ್ದರಿಂದ ಎರಡು ದಿನ ಮೊದಲೇ, 17ರಂದು ತಲುಪುವಂತೆ ಟಿಕೆಟ್ ಕಾಯ್ದಿರಿಸಿದೆ. ಒಲೆ ಹೊತ್ತಿಸದ ಆ ಯುಗಾದಿಗೆ ಒಬ್ಬಟ್ಟು ಇರುವುದಿಲ್ಲ ಎಂದಾಗ ಅಮ್ಮ ಒಂದು ಅಚ್ಚು ಬೆಲ್ಲವನ್ನು ಈಗಲೇ ತೆಗೆದಿಟ್ಟಿದ್ದಾರೆ.