ಏಜಿನಾ ಆಮೆಗಳು: ಹಿಂಬದಿಯ ಸಾಲು ಎಲ್ಲಿಗೆ ಬಂತು

ಗ್ರೀಸಿನ ಏಜಿನಾ ದ್ವೀಪದ, ಆಮೆ ಚಿತ್ರದ ಹಳೇ ಬೆಳ್ಳಿ ನಾಣ್ಯಗಳನ್ನು ಕೂಡಿಡುತ್ತಿದ್ದೇನೆ. ಹಿಂಬದಿಯಲ್ಲಿ ಗಾಳಿಗಿರಣಿ ರೆಕ್ಕೆಯ ಗುರುತಿರುವ ಸ್ಟೇಟರ್ (ಅವುಗಳಲ್ಲಿ ದೊಡ್ಡ ನಾಣ್ಯ) ಕೊನೆಗೂ ಕೈಸೇರಿತು. ತೂಕ 12.1 ಗ್ರಾಂ. ಆಮೆಯ ಬೆನ್ನು ಸವೆದು ನುಣ್ಣಗಾಗಿದೆ, ತಲೆಯ ಅರ್ಧ ನಾಣ್ಯದ ಅಂಚಿನಾಚೆ ಹೋಗಿದೆ. ಸಾಲದ್ದಕ್ಕೆ ಬೆನ್ನ ಮೇಲೊಂದು ಉಳಿಯೇಟು. ಒಳಗೆ ತಾಮ್ರ ಇದೆಯಾ ಅಂತ ಹಳೇ ಕಾಲದ ಯಾರೋ ಸಾಹುಕಾರ ನೋಡಿದ್ದಾನೆ. ಕಚ್ಚಿನೊಳಗೂ ಬೆಳ್ಳಿಯೇ ಕಾಣುತ್ತದೆ, ನನಗೆ ಅಷ್ಟು ಸಾಕು. ಹರಾಜಿನಲ್ಲಿ ಇಂಥದ್ದನ್ನು ಯಾರೂ ಜಾಸ್ತಿ ಕೂಗಲ್ಲ.

ನಾನು ನೋಡುವುದು ಹಿಂಬದಿಯನ್ನು. ಅದು ಚೊಕ್ಕವಾಗಿದೆ.

ಏಜಿನಾ ಅಥೆನ್ಸಿನ ದಕ್ಷಿಣಕ್ಕಿರುವ ಪುಟ್ಟ ದ್ವೀಪ. ಕ್ರಿ.ಪೂ. 6ನೇ ಶತಮಾನದಲ್ಲೇ ಇಲ್ಲಿ ಬೆಳ್ಳಿ ನಾಣ್ಯ ಹೊಡೆಯುತ್ತಿದ್ದರು. ತಮಾಷೆ ಏನು ಅಂದರೆ, ದ್ವೀಪದಲ್ಲಿ ಬೆಳ್ಳಿ ಗಣಿಯೇ ಇಲ್ಲ. ಸಿಫ್ನೋಸ್ ದ್ವೀಪದಂಥ ಕಡೆಯಿಂದ ತರಿಸಿ, ಆಮೆ ಒತ್ತಿ, ಹಡಗಿಗೇರಿಸುತ್ತಿದ್ದರು. ಈಜಿಪ್ಟಿನ ನೌಕ್ರಾಟಿಸ್‌ನಲ್ಲಿ ಏಜಿನಾದವರದೇ ಜ್ಯೂಸ್ ದೇವರ ಗುಡಿಯಿತ್ತು ಅಂತ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. 1968–69ರ ಸುಮಾರಿಗೆ ಈಜಿಪ್ಟಿನ ಅಸ್ಯೂಟ್‌ನಲ್ಲಿ ಸಿಕ್ಕ ದೊಡ್ಡ ನಿಧಿಯಲ್ಲೂ ಈ ಆಮೆಗಳಿದ್ದವು. ಅಲ್ಲಿ ಇವನ್ನು ಕರಗಿಸುವ ಬೆಳ್ಳಿಯಾಗಿಯೇ ತೂಗುತ್ತಿದ್ದರು. ಉಳಿಯೇಟು ಯಾಕೆ ಇಷ್ಟು ಸಾಮಾನ್ಯ ಅಂತ ಈಗ ಗೊತ್ತಾಯಿತಲ್ವಾ?

ಆಮೆಯ ಅಚ್ಚು ಕಮ್ಮಾರರ ಅಡಿಗಲ್ಲಿನಂಥ ಗಟ್ಟಿ ತಳದಲ್ಲಿ ಕೂತಿರುತ್ತಿತ್ತು. ಅದರ ಮೇಲೆ ಬೆಳ್ಳಿ ಬಿಲ್ಲೆ, ಬಿಲ್ಲೆಯ ಮೇಲೆ ಪಂಚ್, ಪಂಚಿಗೆ ಸುತ್ತಿಗೆ ಏಟು. ಪಂಚ್ ಬಿದ್ದ ಕಡೆ ಗುಂಡಿ. ನಮ್ಮ ಪ್ರಾಚೀನ ಭಾರತದ ಬೆಳ್ಳಿ ನಾಣ್ಯಗಳಾದ ಕಾರ್ಷಾಪಣಗಳಲ್ಲಿ ಬೇರೆಬೇರೆ ಪುಟ್ಟ ಮುದ್ರೆಗಳನ್ನು ಒಂದೊಂದಾಗಿ ಒತ್ತುತ್ತಿದ್ದರು, ಇಲ್ಲಿ ಒಂದೇ ದಪ್ಪ ಗುಂಡಿ. ಮುಂಬದಿಯ ಕಡಲಾಮೆ ನೂರು ವರ್ಷ ಹೆಚ್ಚುಕಡಿಮೆ ಹಾಗೇ ಉಳಿಯಿತು. ಬೆನ್ನ ನಡುವಿನ ಚುಕ್ಕೆಗಳ ಸಾಲಿಗೆ ಆಮೇಲೆ ಕುತ್ತಿಗೆಯ ಹತ್ತಿರ ಇನ್ನೆರಡು ಚುಕ್ಕೆ ಸೇರಿ ‘ಟಿ’ ಆಕಾರ ಆಯಿತು, ಅಷ್ಟೆ. ಅದೂ ಸವೆದ ನಾಣ್ಯದಲ್ಲಿ ಕಾಣುವುದಿಲ್ಲ, ಉಬ್ಬಿದ ಭಾಗ ಮೊದಲು ಸವೆಯುತ್ತದೆ. ಗುಂಡಿಗೆ ಆ ತೊಂದರೆ ಇಲ್ಲ, ತಗ್ಗಿನಲ್ಲಿರುವುದರಿಂದ ಉಳಿದುಕೊಳ್ಳುತ್ತದೆ. ಮೊದಲು ಎಂಟು ತ್ರಿಕೋನಗಳ ಒಡೆದ ನಕ್ಷತ್ರದಂಥ ಗುರುತು. ಆಮೇಲೆ ಗಾಳಿಗಿರಣಿ. ಆಮೇಲೆ ಓರೆ ಪಟ್ಟಿಗಳಿಂದ ಐದು ಮನೆ ಮಾಡಿದ ಚೌಕ, ಮೊದಲು ಚಿಕ್ಕದು, ಮುಂದೆ ದೊಡ್ಡದು. ಬರೀ ಬೆರಳಾಡಿಸಿಯೇ ಸುಮಾರಾಗಿ ಕಾಲ ಹೇಳಬಹುದು. ಅದಕ್ಕೇ ಈ ಸಂಗ್ರಹವನ್ನು ಗುಂಡಿಗಳ ಲೆಕ್ಕದಲ್ಲಿ ಕಟ್ಟುತ್ತಿದ್ದೇನೆ. ಚಂದದ ಆಮೆ ಬೇಕು ಅಂತ ಕೂತರೆ ಒಂದೇ ನಾಣ್ಯಕ್ಕೆ ಜೇಬು ಖಾಲಿ.

ಸದ್ಯ ಟ್ರೇನಲ್ಲಿ ಇರುವುದು: ಗಾಳಿಗಿರಣಿ ಸ್ಟೇಟರ್, ದೊಡ್ಡ ಓರೆ ಚೌಕದ ಸ್ಟೇಟರ್, ಮತ್ತೆ ಒಂದು ಓಬಲ್. ಓಬಲ್ ಒಂದು ಗ್ರಾಮಿನ ಆಚೀಚೆ. ಇಲ್ಲಿನ ಸ್ಟೇಟರ್ ಅಂದರೆ ಎರಡು ಡ್ರಾಕ್ಮಾ, ಡ್ರಾಕ್ಮಾಗೆ ಆರು ಓಬಲ್. ಈ ತೂಕದ ಪದ್ಧತಿಯನ್ನು ದಕ್ಷಿಣ ಗ್ರೀಸಿನ ಪೆಲೊಪೊನೀಸ್, ಕ್ರೀಟ್ ಎಲ್ಲ ಕಡೆ ಬಳಸುತ್ತಿದ್ದರು. ಕ್ರೀಟಿನವರಂತೂ ಏಜಿನಾ ಆಮೆಗಳ ಮೇಲೇ ತಮ್ಮ ಅಚ್ಚು ಹೊಡೆದುಕೊಂಡಿದ್ದಾರೆ.

ಮೂರನ್ನೂ ಮನೆಯಲ್ಲೇ ನೀರಿನಲ್ಲಿ ಮುಳುಗಿಸಿ ತೂಗಿದೆ. ಶುದ್ಧ ಬೆಳ್ಳಿಯ ಸಾಂದ್ರತೆ ಸುಮಾರು 10.5, ತಾಮ್ರದ್ದು ಸುಮಾರು 9. ಸ್ಟೇಟರ್‌ಗಳೆರಡೂ 10ರ ಮೇಲೆ ಬಂದವು. ಓಬಲ್ ವಿಷಯದಲ್ಲಿ ಈ ಲೆಕ್ಕ ನಂಬಬೇಡಿ, ಒಂದು ಸಣ್ಣ ಗಾಳಿಗುಳ್ಳೆ ಅಂಟಿಕೊಂಡರೂ ಉತ್ತರ ಕೆಡುತ್ತದೆ. ಇದು ಲೇಪ ಹಾಕಿದ ಹಳೇ ಖೋಟಾ ಹಿಡಿಯಲು ಮಾತ್ರ. ಇವತ್ತು ಒಳ್ಳೆ ಬೆಳ್ಳಿಯಲ್ಲೇ ಎರಕ ಹೊಯ್ದ ನಕಲಿ ಇದರಲ್ಲಿ ಪಾಸಾಗಿಬಿಡುತ್ತದೆ. ಅದಕ್ಕೆ ಅಂಚು ನೋಡಬೇಕು, ಹಳೇ ಹರಾಜಿನ ಚೀಟಿ ಕೇಳಬೇಕು. ಚೀಟಿ ಇಲ್ಲದ್ದನ್ನು ನಾನು ಮುಟ್ಟುವುದಿಲ್ಲ. ಕದ್ದು ಅಗೆದ ಮಾಲು ಬೇಡವೇ ಬೇಡ.

ಮುಂದಿನ ಖಾಲಿ ಜಾಗ ನೆಲದ ಆಮೆಯದು. ಕ್ರಿ.ಪೂ. 5ನೇ ಶತಮಾನದ ನಡುವಿಗೆ ಅಥೆನ್ಸ್ ಏಜಿನಾವನ್ನು ಸೋಲಿಸಿ ಕಪ್ಪ ಕಟ್ಟಿಸಿತು. ಆಮೇಲಿನ ನಾಣ್ಯಗಳಲ್ಲಿ ಈಜುವ ರೆಕ್ಕೆಯ ಬದಲು ಕಾಲು ಬಂತು, ಚಿಪ್ಪಿಗೆ ಬಿಲ್ಲೆಬಿಲ್ಲೆ ಗೆರೆ ಬಂತು. ಸೋಲಿಗೂ ಆಮೆ ನೆಲಕ್ಕೆ ಬಂದಿದ್ದಕ್ಕೂ ಗಂಟು ಹಾಕುವವರಿದ್ದಾರೆ. ಕೇಳಲು ಚೆನ್ನಾಗಿದೆ, ನನಗೆ ಪೂರ್ತಿ ನಂಬಿಕೆ ಇಲ್ಲ. ಕ್ರಿ.ಪೂ. 431ರಲ್ಲಿ ಅಥೆನ್ಸಿನವರು ದ್ವೀಪದ ಜನರನ್ನೇ ಹೊರಹಾಕಿದರು. ಸ್ಪಾರ್ಟಾದ ಸೇನಾಪತಿ ಲೈಸಾಂಡರ್ ಆ ಜನರನ್ನು ವಾಪಸ್ ಕರೆತಂದ ಮೇಲಿನ ನಾಣ್ಯಗಳಲ್ಲಿ ಗುಂಡಿಯೊಳಗೆ ಅಕ್ಷರ, ಡಾಲ್ಫಿನ್ ಬರುತ್ತವೆ. ಅವುಗಳ ಬೆಲೆ ನೋಡಿ ಸುಮ್ನೆ ಪುಟ ತಿರುಗಿಸಿದೆ. 431ಕ್ಕಿಂತ ಹಿಂದಿನ, ಅಕ್ಷರವಿಲ್ಲದ, ಓರೆ ಪಟ್ಟಿ ಪೂರ್ತಿ ಇರುವ ಒಂದು ಡ್ರಾಕ್ಮಾ ಸಿಕ್ಕರೆ ಈ ವರ್ಷಕ್ಕೆ ಸಾಕು. ಉಳಿಯೇಟು ಇದ್ದರೆ ಇನ್ನೂ ಒಳ್ಳೆಯದು, ಬೆಲೆ ಇಳಿಯುತ್ತದೆ.